ಮರುಮುದ್ರಣ ಕಾಣದ ಪಾರ್ಸಿ ಅಡುಗೆ ಪುಸ್ತಕಗಳಿಗೆ ಇಂದಿಗೂ ಏಕೆ ಇಷ್ಟು ಬೇಡಿಕೆ?

ಅವುಗಳಲ್ಲಿರುವ ಮನೆಯಡುಗೆಯ ಬಹುಪಾಲು ಬೇರೆಡೆ ಬರಹದಲ್ಲಿ ಉಳಿದಿಲ್ಲ ಎಂಬುದೇ ಮುಖ್ಯ ಕಾರಣ. 1941ರಲ್ಲಿ ಭಾರತದಲ್ಲಿ ಸುಮಾರು 1,15,000ದಷ್ಟಿದ್ದ ಪಾರ್ಸಿಗಳ ಸಂಖ್ಯೆ 2011ರ ಜನಗಣತಿಯ ವೇಳೆಗೆ 57,264ಕ್ಕೆ ಇಳಿದಿದ್ದು, ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲೇ ದಾಟುತ್ತಿದ್ದ ಪಾಕವನ್ನು ಕಲಿಯುವ ಮನೆಗಳೇ ವಿರಳವಾಗಿವೆ. ಹೋಟೆಲುಗಳಲ್ಲಿ ಸಿಗುವುದು ಧನ್‌ಸಾಕ್, ಸಲ್ಲಿ ಬೋಟಿಯಂಥ ಕೆಲವೇ ಖಾದ್ಯಗಳು. ಅಲ್ಲಿ ರುಚಿ ಸಿಕ್ಕರೂ ಅದರ ಹಿಂದಿನ ಆಚಾರ ಸಿಗುವುದಿಲ್ಲ. ಬೇಳೆ, ತರಕಾರಿ, ಮಾಂಸಗಳನ್ನು ಒಟ್ಟಿಗೆ ಬೇಯಿಸುವ ಧನ್‌ಸಾಕ್, ಮನೆಯಲ್ಲಿ ಸಾವಾದಾಗ ಮೂರು ದಿನ ಮಾಂಸ ಬಿಟ್ಟು ನಾಲ್ಕನೆಯ ದಿನ ಉಣ್ಣುವ ಅಡುಗೆಯಾದ್ದರಿಂದ, ಮದುವೆ, ಮಕ್ಕಳಿಗೆ ಧರ್ಮದೀಕ್ಷೆ ಕೊಡುವ ನವಜೋತ್‌ನಂಥ ಶುಭದಿನಗಳಲ್ಲಿ ಅದನ್ನು ಮಾಡುವುದಿಲ್ಲ. ಯಾವ ಅಡುಗೆ ಯಾವ ದಿನಕ್ಕೆ ಸಲ್ಲುತ್ತದೆ ಎಂಬ ಈ ತಿಳಿವಳಿಕೆಗಾಗಿಯೇ, ನನ್ನ ದೃಷ್ಟಿಯಲ್ಲಿ, ಊರು ಬಿಟ್ಟು ದೂರ ನೆಲೆಸಿದವರು ಆ ಹಳೆಯ ಪ್ರತಿಗಳನ್ನು ಅಷ್ಟೊಂದು ಆಸ್ಥೆಯಿಂದ ಹುಡುಕುತ್ತಾರೆ.