‘ಧ್ಯಾಸ ಎಲ್ಲೈತಿ?’ ಅಂದ್ರೆ ಏನು ಕೇಳಿದಂಗ

ಬೆಂಗಳೂರು, ಮೈಸೂರು ಕಡೆಯಿಂದ ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಗೆ ವರ್ಗವಾಗಿ ಬಂದವರು ಬಳಸುವ ‘ಗಮನ’ ಇಲ್ಲಿ ಪುಸ್ತಕದ ಮಾತು. ಮರಾಠಿ ಮನೆಮಾತಿನವರಿಗಂತೂ ಗಮನ ಅಂದರೆ ಹೋಗುವುದು. ನಿಮಗೆ ಬೇಕಾದ್ದು ‘ಲಕ್ಷ್ಯ’. ಎರಡೂ ಭಾಷೆಯವರಿಗೆ ತಿಳಿಯುತ್ತದೆ. ಬಾಯಲ್ಲಿ ಅದು ‘ಲಕ್ಷ’ ಆಗುತ್ತದೆ; ‘ಸ್ವಲ್ಪ ಲಕ್ಷ ಕೊಡ್ರಿ’ ಅಂದವರು ದುಡ್ಡು ಕೇಳುತ್ತಿಲ್ಲ.

ಅದರ ಜೊತೆಗೆ ಬರುವ ಕ್ರಿಯಾಪದ ನೋಡಿಕೊಳ್ಳಿ. ‘ಲಕ್ಷ ಕೊಡು’ ಅಂದರೆ ಈಗ ಕೇಳು. ‘ಲಕ್ಷ ಇಡು’ ಅಂದರೆ ಒಲೆಯ ಮೇಲಿನ ಹಾಲು, ಆಡುವ ಕೂಸು, ಹೊರಗೆ ಒಣಹಾಕಿದ ಮೆಣಸಿನಕಾಯಿ ಇವನ್ನು ಕಾಯುತ್ತಿರು. ‘ಲಕ್ಷ ಇರಲಿಲ್ಲರಿ’ ಎಂಬುದು ಕ್ಷಮೆ: ಕಣ್ಣು ತಪ್ಪಿತು, ಬೇಕಂತ ಮಾಡಿದ್ದಲ್ಲ. ‘ದುರ್ಲಕ್ಷ್ಯ ಮಾಡಿದ್ರಿ’ ಎಂಬುದು ಆರೋಪ: ಗೊತ್ತಿದ್ದೂ ಬಿಟ್ಟಿರಿ. ಈ ಎರಡನ್ನು ಅದಲುಬದಲು ಮಾಡಿದರೆ ಜಗಳ ಖಾತ್ರಿ. 1956ರ ತನಕ ಈ ಬೆಳಗಾವಿ ಜಿಲ್ಲೆ ಮರಾಠಿ ಸೀಮೆಯೂ ಸೇರಿದ್ದ ಮುಂಬಯಿ ರಾಜ್ಯದಲ್ಲಿತ್ತು. ‘ದುರ್ಲಕ್ಷ್ಯ’ ಇಂದಿಗೂ ಅರ್ಜಿ, ತಕರಾರುಗಳಲ್ಲಿ ನಿರಾಯಾಸವಾಗಿ ಬರುತ್ತದೆ.

‘ಧ್ಯಾಸ’ ಇನ್ನೂ ಸೊಗಸು. ಮರಾಠಿಯಲ್ಲಿ ಅದು ಹಂಬಲ, ಬಿಡದ ಗುಂಗು. ನಮ್ಮ ಕನ್ನಡದಲ್ಲಿ ಎಚ್ಚರ ಮತ್ತು ನೆನಪು ಎರಡೂ: ‘ಧ್ಯಾಸ ಇಟ್ಟು ಕೇಳು’, ‘ಹೇಳಿದ್ದು ಧ್ಯಾಸನ ಉಳೀಲಿಲ್ಲ’. ‘ಧ್ಯಾನ’ದ್ದು ಉಲ್ಟಾ ಕಥೆ. ಹಿಂದಿಯಲ್ಲಿ ಧ್ಯಾನ ಕೊಡು ಎಂದರೆ ಗಮನಿಸು. ಇಲ್ಲಿ ‘ಯಾವ ಧ್ಯಾನದಾಗ ಇದ್ದಿ?’ ಅಂದರೆ ಎದುರಿದ್ದೂ ಇಲ್ಲದವನಿಗೆ ಬಿದ್ದ ಏಟು.

‘ಖಬರ’ ಅಂದರೆ ಸುದ್ದಿಯಲ್ಲ, ಅರಿವು. ‘ಖಬರ ತಪ್ಪಿ ಬಿದ್ದ’ ಅಂದರೆ ಪ್ರಜ್ಞೆ ತಪ್ಪಿತು, ನೀರು ತನ್ನಿ. ‘ಖಬರಗೇಡಿ’ ಮನೆಯ ಮಕ್ಕಳಿಗೆ ಮಾತ್ರ ಸಲ್ಲುವ ಬೈಗುಳ; ಕಚೇರಿಯ ಜವಾನನಿಗೆ ಅಂದು ನೋಡಬೇಡಿ. ‘ನದರ ಇಡು’ ಎಂದರೆ ಕಣ್ಣಿಡು, ‘ನದರ ಆಗೈತಿ’ ಎಂದರೆ ದೃಷ್ಟಿ ತಾಗಿದೆ.

ಮಾಸ್ತರರಿಗೆ ಒಂದು ಮಾತು. ‘ಹುಶಾರ’ ಇಲ್ಲಿ ಜಾಣ ಎಂಬ ಅರ್ಥಕ್ಕೂ ಸಲ್ಲುತ್ತದೆ. ಜ್ವರ ಬಂದ ಹುಡುಗನ ತಾಯಿಗೆ ‘ನಿಮ್ಮ ಮಗ ಹುಷಾರಿಲ್ಲ’ ಅಂದರೆ ಮಗ ದಡ್ಡ ಅಂದಂತೆ ಕೇಳಿಸೀತು. ‘ಆರಾಮಿಲ್ಲ’ ಅನ್ನಿ.