ಹೊಲಿಗೆ ಮೆಷಿನ್ ಕಾಣದಷ್ಟು ಬಟ್ಟೆ ರಾಶಿ ಬಿದ್ದಿದೆ, ಎಲ್ಲಿಂದ ಶುರು ಮಾಡಲಿ?

ರವಿಕೆ ಕಣಗಳಿಂದ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟದ್ದು ಸೇರಿ ನಮ್ಮ ಮನೆಗಳಲ್ಲಿ ಅರ್ಧ ರಾಶಿ ಅದೇ ಆಗಿರುತ್ತದೆ. ಒಂದೊಂದನ್ನೂ ಬಿಡಿಸಿ ಅಳೆಯಿರಿ. 80 ಸೆಂ.ಮೀ. ಇದೆಯೋ, 1 ಮೀಟರ್ ಇದೆಯೋ ಚೀಟಿಯಲ್ಲಿ ಬರೆದು ಗುಂಡುಸೂಜಿ ಚುಚ್ಚಿ. ಲೈನಿಂಗಿಗೂ ಸಾಲದಷ್ಟು ತೆಳುವಾದದ್ದನ್ನು ಇಟ್ಟುಕೊಳ್ಳಲೇಬೇಡಿ, ಬೇಕಾದವರಿಗೆ ಕೊಟ್ಟುಬಿಡಿ.

ಹತ್ತಿ ಬಟ್ಟೆಯನ್ನು ನೆನೆಸಿ, ಒಣಗಿಸಿಯೇ ಮಡಚಿಡಿ. ಹೊಲಿದ ಮೇಲೆ ಕುಗ್ಗಿದರೆ ಹೊಟ್ಟೆ ಉರಿಯುತ್ತದೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿ, ಎಲ್ಲ ಬಣ್ಣವೂ ಕಾಣಲಿ. ರೇಷ್ಮೆಗೆ ಪ್ಲಾಸ್ಟಿಕ್ ಕವರ್ ಬೇಡ, ಹಳೇ ಪಂಚೆ ಸಾಕು.

ಚೂರುಗಳನ್ನು ಮಾತ್ರ ದಯವಿಟ್ಟು ಎಸೆಯಬೇಡಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇಂಥವನ್ನೇ ಜೋಡಿಸಿ ಕೌದಿ ಹೊಲಿಯುತ್ತಾರೆ, ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಹಳೇ ದಿಂಬಿನ ಕವರೊಂದರಲ್ಲಿ ಚೂರು ತುಂಬಿಸುತ್ತಾ ಬನ್ನಿ. ಅದು ತುಂಬಿದ ದಿನ ಕೌದಿಗೆ ಕೂರಿ.