ಲಿವರ್, ಬೋಟಿ ಎಷ್ಟು ಹಾಳಾಗುತ್ತೆ? ಭಾರತ ಮತ್ತು ದಕ್ಷಿಣ ಏಷ್ಯಾದ ಲೆಕ್ಕ

ಪ್ರಶ್ನೆ: ಮಗಳಿಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಲಿವರ್, ಬೋಟಿ, ತಲೆ, ಕಾಲು ಇಂಥ ಮಾಂಸ ಭಾರತದಲ್ಲಿ ಎಷ್ಟು ನಷ್ಟವಾಗುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಅಂಕಿಅಂಶ ತೆಗೆದು ದಕ್ಷಿಣ ಏಷ್ಯಾಕ್ಕೆ ಹೋಲಿಸಬೇಕಂತೆ. ಟನ್ ಲೆಕ್ಕ ಅಕ್ಕಪಕ್ಕ ಇಟ್ಟರೆ ಸಾಕಲ್ವಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸಾಲದು. ಟನ್ ಅಕ್ಕಪಕ್ಕ ಇಟ್ಟರೆ ಭಾರತವನ್ನು ಭಾರತದ ಜೊತೆಗೇ ಹೋಲಿಸಿದ ಹಾಗಾಗುತ್ತದೆ. ಎಫ್‌ಎಒ ಪಟ್ಟಿಯ ದಕ್ಷಿಣ ಏಷ್ಯಾದಲ್ಲಿ ಒಂಬತ್ತು ದೇಶಗಳಿವೆ. ಇರಾನ್ ಕೂಡ ಅದರೊಳಗೇ ಬರುತ್ತದೆ, ಇದು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಅಷ್ಟೂ ದೇಶಗಳ ಜನರಲ್ಲಿ ಸುಮಾರು 70% ನಾವೇ. 2019ರ ಜಾನುವಾರು ಗಣತಿ ಪ್ರಕಾರ ನಮ್ಮಲ್ಲಿ ಮೇಕೆಗಳೇ 14.8 ಕೋಟಿಗೂ ಜಾಸ್ತಿ, ಕುರಿ 7.4 ಕೋಟಿ, ಎಮ್ಮೆ ಸುಮಾರು 11 ಕೋಟಿ. ಇಷ್ಟು ಇದ್ದ ಮೇಲೆ ಟನ್ ಲೆಕ್ಕದಲ್ಲಿ ನಾವು ದೊಡ್ಡದಾಗಿ ಕಂಡರೆ ಅದರಲ್ಲಿ ಏನು ವಿಶೇಷ? ಮಗಳಿಗೆ ಹೇಳಿ, ಮೊದಲು ಪ್ರದೇಶದ ಮೊತ್ತದಿಂದ ಭಾರತವನ್ನು ಕಳೆಯಲಿ. ಆಮೇಲೆ ಎರಡೂ ಕಡೆ ನಷ್ಟವನ್ನು ಉತ್ಪಾದನೆ ಮತ್ತು ಆಮದಿನ ಮೊತ್ತದಿಂದ ಭಾಗಿಸಿ ಶೇಕಡಾ ತೆಗೆಯಲಿ. ಹೋಲಿಸಬೇಕಾದ್ದು ಆ ಶೇಕಡಾ.

ಇನ್ನು 'ನಷ್ಟ' ಅಂದರೆ ಅಲ್ಲಿ ಏನು ಅಂತ ನೋಡಬೇಕು. ಉತ್ಪಾದನೆ ಲೆಕ್ಕಕ್ಕೆ ಬಂದ ಮೇಲೆ ಮನೆ ಸೇರುವ ತನಕ, ಅಂದರೆ ಸಂಗ್ರಹಣೆ, ಸಾಗಣೆಯಲ್ಲಿ ಹಾಳಾಗಿದ್ದು ಮಾತ್ರ. ತಟ್ಟೆಯಲ್ಲಿ ಬಿಟ್ಟ ಬೋಟಿ ಗೊಜ್ಜು ಅದರಲ್ಲಿಲ್ಲ. ಅದೂ ಅಲ್ಲದೆ ಇಂಥ ಮಾಂಸ ಎಷ್ಟು ಸಿಕ್ಕಿತು ಅಂತ ಬಹಳ ಕಡೆ ಯಾರೂ ತೂಕ ಹಾಕುವುದಿಲ್ಲ, ಕಡಿದ ಪ್ರಾಣಿಗಳ ಸಂಖ್ಯೆಯನ್ನು ಒಂದು ಸರಾಸರಿ ತೂಕದಿಂದ ಗುಣಿಸುತ್ತಾರೆ, ನಷ್ಟವನ್ನಂತೂ ಸರ್ಕಾರ ವರದಿ ಮಾಡದಿದ್ದರೆ ಎಫ್‌ಎಒ ತಾನೇ ಅಂದಾಜು ಹಾಕುತ್ತದೆ. ಆ ಅಂಕಿಗಳ ಪಕ್ಕದಲ್ಲಿ ಅಂದಾಜು ಎಂಬ ಗುರುತು ಇರುತ್ತದೆ, ಅದನ್ನು ನೋಡದೆ ಗ್ರಾಫ್ ಎಳೆಯಬೇಡಿ. ಸೊನ್ನೆ ಕಂಡರೂ ಅಲ್ಲಿ ಏನೂ ಹಾಳಾಗಿಲ್ಲ ಅಂತ ನಂಬಬೇಡಿ. ಇನ್ನೊಂದು, 2010ರಿಂದ ಲೆಕ್ಕದ ವಿಧಾನ ಬದಲಾಗಿದೆ. ಹಳೆಯ ಸಾಲನ್ನೂ ಹೊಸ ಸಾಲನ್ನೂ ಒಂದೇ ಗೆರೆಯಾಗಿ ಜೋಡಿಸಿದರೆ ಇಲ್ಲದ ಏರಿಳಿತ ಕಾಣುತ್ತದೆ.

ನಮ್ಮ ದೇಶದ್ದೇ ಲೆಕ್ಕ ಬೇಕಾದರೆ ಕೊಯ್ಲಿನ ನಂತರದ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆ, ಲುಧಿಯಾನದ ಸಿಫೆಟ್ 2015ರಲ್ಲಿ ಕೊಟ್ಟ ವರದಿ ಇದೆ. ಮಾಂಸದ ನಷ್ಟ 2.71%, ಕೋಳಿ ಮಾಂಸದ್ದು 6.74%. ಇದು ಒಟ್ಟು ಮಾಂಸದ ಅಂಕಿ, ಲಿವರ್‌ಗೆ ಹಾಗೇ ಅಂಟಿಸಬೇಡಿ. ಲಿವರ್, ಬೋಟಿ ಎಲ್ಲ ತೊಡೆ ಮಾಂಸಕ್ಕಿಂತ ಬೇಗ ಕೆಡುತ್ತವೆ. ಜೊತೆಗೆ ರೋಗದ ಕಾಟ: ಕೆರೆ, ಗದ್ದೆ ಬಯಲಿನ ಬಸವನಹುಳುವಿನಿಂದ ಬರುವ ಚಪ್ಪಟೆ ಹುಳು ಲಿವರ್ ಹೊಕ್ಕರೆ ಮಾಂಸ ಪರೀಕ್ಷಿಸುವ ಪಶುವೈದ್ಯರು ಆ ಲಿವರನ್ನು ಬಿಸಾಡಿಸುತ್ತಾರೆ.

ತಿನ್ನುವ ರೂಢಿ ಇದ್ದ ಕಡೆ ಹಾಳಾಗುವುದು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. ಈ ಭಾಗದಲ್ಲಿ ರೂಢಿಗೆ ಬರ ಇಲ್ಲ ಬಿಡಿ. ಪಾಕಿಸ್ತಾನದಲ್ಲಿ ಬಕ್ರೀದ್ ದಿನ ಮೊದಲು ಒಲೆಗೆ ಏರುವುದು ಹೆಚ್ಚಾಗಿ ಲಿವರ್. ಕಠ್ಮಂಡುವಿನ ನೇವಾರರು ಎಮ್ಮೆಯ ಹೊಟ್ಟೆಯ ಪದರದಲ್ಲಿ ಮೂಳೆಯ ಮಜ್ಜೆ ತುಂಬಿ ಕರಿಯುತ್ತಾರೆ. ಇರಾನಿನಲ್ಲಿ ಬೆಳಗಿನ ತಿಂಡಿಗೇ ಕುರಿಯ ತಲೆ, ಕಾಲು. ಬಾಂಗ್ಲಾದೇಶ ದನದ ಹೊಟ್ಟೆಯ ಒಂದು ಭಾಗವನ್ನು ಚೀನಾ ಕಡೆಗೆ ರಫ್ತು ಮಾಡುತ್ತದೆ. ನಮ್ಮ ಮಿಲಿಟರಿ ಹೋಟೆಲ್‌ಗಳ ತಲೆಮಾಂಸ, ಕಾಲು ಸೂಪು ನಿಮಗೆ ನಾನು ಹೇಳಬೇಕೇ! ಆದರೆ ಹಬ್ಬದಲ್ಲಿ ಒಂದೇ ದಿನ ಅಷ್ಟೊಂದು ಪ್ರಾಣಿ ಕಡಿದಾಗ ಐಸ್ ಇಲ್ಲದ ಊರಲ್ಲಿ ರೂಢಿಯೊಂದೇ ಸಾಕಾಗುವುದಿಲ್ಲ, ಅದು ವರ್ಷದ ಸರಾಸರಿಯಲ್ಲಿ ಕಾಣಿಸುವುದೂ ಇಲ್ಲ.

ಪ್ರಶ್ನೆ: ತಂದ ಲಿವರ್ ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು? ಗುಳ್ಳೆ ಇದ್ದರೆ ನಾಯಿಗೆ ಹಾಕಬಹುದಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹಸಿ ಲಿವರ್ ಫ್ರಿಜ್‌ನಲ್ಲಿ 1–2 ದಿನ ಅಷ್ಟೇ. ಫ್ರೀಜರ್‌ನಲ್ಲಿ 3–4 ತಿಂಗಳು ರುಚಿ ಕೆಡದೆ ಇರುತ್ತದೆ. ನೀರುಗುಳ್ಳೆ ಇರುವ ಲಿವರ್, ಶ್ವಾಸಕೋಶವನ್ನು ಹಸಿಯಾಗಿ ನಾಯಿಗೆ ಹಾಕಲೇಬೇಡಿ. ಆ ಗುಳ್ಳೆಯೊಳಗಿನ ಲಾಡಿಹುಳು ನಾಯಿಯ ಹೊಟ್ಟೆಯಲ್ಲಿ ಬೆಳೆದು, ಮೊಟ್ಟೆ ಅದರ ಮಲದಲ್ಲಿ ಹೊರಬಂದು, ಹುಲ್ಲಿನ ಜೊತೆ ಕುರಿಗೂ ಕೊಳಕು ಕೈಯಿಂದ ಮಕ್ಕಳಿಗೂ ಹೋಗುತ್ತದೆ. ಆಳವಾಗಿ ಗುಂಡಿ ತೋಡಿ ಹೂಳಿ, ಇಲ್ಲವೇ ಸುಟ್ಟುಬಿಡಿ.